ಕಟ್ಟಡಗಳ ಮ್ಯೂಸಿಯಂಗೆ ಎಂಟನೇ ಕ್ಲಾಸ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಈ ಸಲ ಎಂಟನೇ ತರಗತಿಯ 60 ಮಕ್ಕಳನ್ನು ಆರ್ಕಿಟೆಕ್ಚರ್ ಮ್ಯೂಸಿಯಂಗೆ ಕರೆದುಕೊಂಡು ಹೋಗುವ ಜವಾಬ್ದಾರಿ ನನ್ನ ತಲೆಗೆ ಬಂದಿದೆ. ನನಗೋ ಆ ವಿಷಯವೇ ಹೊಸದು. ಅಲ್ಲಿ ಡೈನೋಸಾರ್ ಇಲ್ಲ, ಕತ್ತಿ ಗುರಾಣಿ ಇಲ್ಲ, ಬರೀ ನಕ್ಷೆಗಳು. ಅರ್ಧ ಗಂಟೆಯಲ್ಲಿ ಮಕ್ಕಳಿಗೆ ಬೇಜಾರಾಗಿ ಗಲಾಟೆ ಶುರುವಾಗುತ್ತದೆ ಅನ್ನೋ ಭಯ. ತಯಾರಿ ಹೇಗೆ ಮಾಡಲಿ?

ಉತ್ತರ: ಭಯ ಸರಿಯಾಗಿಯೇ ಇದೆ ಟೀಚರ್. ಬೇರೆ ಮ್ಯೂಸಿಯಂಗಳಲ್ಲಿ ನೋಡಬೇಕಾದ ವಸ್ತು ಕಣ್ಣೆದುರಿಗೇ ಇರುತ್ತದೆ. ಇಲ್ಲಿ ಕಟ್ಟಡ ಬೇರೆಲ್ಲೋ ಇರುತ್ತದೆ, ಇಲ್ಲಾ ಯಾವತ್ತೋ ಬಿದ್ದುಹೋಗಿರುತ್ತದೆ, ಕೆಲವು ಸಲ ಅದನ್ನು ಕಟ್ಟಿಯೇ ಇರುವುದಿಲ್ಲ. ನಿಮಗೆ ಸಿಗುವುದು ಗೋಡೆ ಮೇಲೆ ಡ್ರಾಯಿಂಗ್, ಮೇಜಿನ ಮೇಲೆ ಮಾಡೆಲ್, ಒಂದಷ್ಟು ಫೋಟೊ. ಅವನ್ನು ಓದಲು ಬರದಿದ್ದರೆ ದೊಡ್ಡವರಿಗೂ ಆಕಳಿಕೆಯೇ. ಅದಕ್ಕೇ ಈ ಪ್ರವಾಸದ ಮುಕ್ಕಾಲು ಕೆಲಸ ಬಸ್ ಹತ್ತುವ ಮೊದಲೇ ಮುಗಿದಿರಬೇಕು.

ಒಂದು ಪೀರಿಯಡ್ ಇದಕ್ಕೇ ಇಡಿ. ಟೇಪ್ ಕೊಟ್ಟು ಮಕ್ಕಳಿಂದಲೇ ಕ್ಲಾಸ್‌ರೂಮ್ ಅಳೆಸಿ. 8 ಮೀಟರ್ ಉದ್ದ, 6 ಮೀಟರ್ ಅಗಲ ಅಂದುಕೊಳ್ಳಿ. 1:50 ಸ್ಕೇಲಿನಲ್ಲಿ, ಅಂದರೆ ನಿಜದ 50 ಸೆಂಟಿಮೀಟರನ್ನು ಕಾಗದದ ಮೇಲೆ 1 ಸೆಂಟಿಮೀಟರ್ ಮಾಡಿ ಬರೆದರೆ 16 ಸೆಂಟಿಮೀಟರ್, 12 ಸೆಂಟಿಮೀಟರ್ ಆಗುತ್ತದೆ, ಅಂದರೆ ಇಡೀ ರೂಮು ನೋಟ್‌ಬುಕ್ಕಿನ ಒಂದು ಪುಟದೊಳಗೆ ಬಂತು. ಒಂದೂವರೆ ಮೀಟರ್ ಎತ್ತರದ ಹುಡುಗಿ ಅದೇ ಸ್ಕೇಲಿನಲ್ಲಿ ಬರೀ 3 ಸೆಂಟಿಮೀಟರ್. ಆ 3 ಸೆಂಟಿಮೀಟರ್ ಮನುಷ್ಯನನ್ನು ಪ್ರತಿ ಮಗುವೂ ರಟ್ಟಿನಲ್ಲಿ ಕತ್ತರಿಸಿ ಜೇಬಿಗೆ ಹಾಕಿಕೊಳ್ಳಲಿ. ಮ್ಯೂಸಿಯಂನಲ್ಲಿ 1:50ರ ಮಾಡೆಲ್ ಸಿಕ್ಕಾಗ ಗಾಜಿನ ಹೊರಗಿನಿಂದಲೇ ಅದನ್ನು ಹಿಡಿದು, ಈ ಬಾಗಿಲಲ್ಲಿ ನಾನು ಹೋಗಬಹುದಾ, ಈ ಕಿಟಕಿ ನನಗೆ ಎಟುಕುತ್ತದಾ ಅಂತ ನೋಡುತ್ತಾರೆ. 1:100ರ ಮಾಡೆಲ್ ಆದರೆ ಮನುಷ್ಯನನ್ನು ಅರ್ಧಕ್ಕೆ ಮಡಚಬೇಕು, ಅಷ್ಟೇ. ಇಷ್ಟು ಗೊತ್ತಾದ ಮಕ್ಕಳು ಮಾಡೆಲ್‌ಗಳನ್ನು ಮೇಲಿಂದ ನೋಡಿ ಮುಂದೆ ಹೋಗುವುದಿಲ್ಲ, ಬಗ್ಗಿ ಒಳಗೆ ಇಣುಕುತ್ತಾರೆ. ಮಾಡೆಲ್ ನೋಡಬೇಕಾದ್ದೂ ಹಾಗೆಯೇ.

ಆಮೇಲೆ ಮೂರು ಪದ. ಕಟ್ಟಡವನ್ನು ನೆಲದಿಂದ ಸುಮಾರು ಒಂದು ಮೀಟರ್ ಮೇಲೆ ಅಡ್ಡಡ್ಡ ಕೊಯ್ದು, ಮೇಲಿನ ಭಾಗ ತೆಗೆದಿಟ್ಟು, ಕೆಳಗೆ ನೋಡಿದರೆ ಕಾಣುವುದು ಪ್ಲಾನ್. ಮೇಲಿಂದ ಕೆಳಕ್ಕೆ ಕೊಯ್ದರೆ ಸೆಕ್ಷನ್. ಕೊಯ್ಯದೆ ಎದುರಿನಿಂದ ನೋಡಿದರೆ ಎಲಿವೇಶನ್. ಒಂದು ಹಳೆಯ ಶೂ ಡಬ್ಬಕ್ಕೆ ಕಿಟಕಿ ಬಾಗಿಲು ಕೊರೆದು, ಅವರ ಎದುರಿಗೇ ಕತ್ತರಿಸಿ ತೋರಿಸಿ. ವ್ಯಾಖ್ಯೆ ಬಾಯಿಪಾಠ ಮಾಡಿಸಬೇಡಿ, ದಯವಿಟ್ಟು.

ಇನ್ನೂ ಸಮಯ ಇದ್ದರೆ ಒಂದು ತೆಳು ಸರಪಳಿ ತನ್ನಿ. ಎರಡು ತುದಿ ಹಿಡಿದು ಜೋತುಬಿಟ್ಟು, ಕೆಳಗೆ ಕನ್ನಡಿ ಇಡಿ. ಕನ್ನಡಿಯಲ್ಲಿ ಕಮಾನು ಕಾಣುತ್ತದೆ. ಜೋತಾಡುವ ಸರಪಳಿಯಲ್ಲಿ ಇರುವುದು ಎಳೆತ ಮಾತ್ರ, ಅದೇ ಆಕಾರವನ್ನು ತಲೆಕೆಳಗು ಮಾಡಿ ಕಲ್ಲಿನಲ್ಲಿ ಕಟ್ಟಿದರೆ ಒತ್ತಡ ಮಾತ್ರ ಉಳಿಯುತ್ತದೆ, ಕಲ್ಲಿಗೆ ಬೇಕಾದ್ದೂ ಅದೇ. ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ 1675ರಲ್ಲೇ ಈ ಸೂತ್ರ ಹೇಳಿದ್ದ. ಮುಂದೆ ಸ್ಪೇನಿನ ವಾಸ್ತುಶಿಲ್ಪಿ ಗೌಡಿ ದಾರಗಳಿಗೆ ಸೀಸದ ಗುಂಡಿನ ಪುಟ್ಟ ಚೀಲ ಕಟ್ಟಿ, ಚರ್ಚಿನ ಮಾಡೆಲನ್ನೇ ತಲೆಕೆಳಗಾಗಿ ನೇತುಹಾಕಿ ವಿನ್ಯಾಸ ಮಾಡಿದ. ನಿಮ್ಮ ವಿಜ್ಞಾನದ ಟೀಚರ್‌ನೂ ಎಳೆದು ತನ್ನಿ, ಅವರಿಗೆ ಇದು ಖುಷಿಯ ಪಾಠ.

ಇನ್ನು ಮ್ಯೂಸಿಯಂನವರ ಹತ್ತಿರ ಮಾತಾಡುವ ವಿಷಯ. ರಜೆ ಯಾವತ್ತು, ಟಿಕೆಟ್ ಎಷ್ಟು, ಶೌಚಾಲಯ ಎಲ್ಲಿ, ವೀಲ್‌ಚೇರ್ ಹೋಗುತ್ತದಾ, ಬ್ಯಾಗ್ ಎಲ್ಲಿಡಬೇಕು, ಇವನ್ನು ಹೇಗೂ ಕೇಳುತ್ತೀರಿ. ಜಾಸ್ತಿ ಜನ ಕೇಳದೇ ಬಿಡುವುದು, ನಾವು ಬರುವ ದಿನ ಯಾವ್ಯಾವ ಡ್ರಾಯಿಂಗ್ ಹೊರಗೆ ಇರುತ್ತವೆ ಅನ್ನೋದನ್ನು. ಹಳೆಯ ಕಾಗದಕ್ಕೆ ಬೆಳಕು ಆಗಿಬರುವುದಿಲ್ಲ. ಸಾಮಾನ್ಯವಾಗಿ 50 ಲಕ್ಸ್‌ನಷ್ಟು (ಲಕ್ಸ್ ಅಂದರೆ ಬೆಳಕಿನ ಅಳತೆ) ಮಂದ ಬೆಳಕಿನಲ್ಲಿ ಸ್ವಲ್ಪ ಕಾಲ ತೋರಿಸಿ ಮತ್ತೆ ಒಳಗೆ ಇಟ್ಟುಬಿಡುತ್ತಾರೆ. ಪುಸ್ತಕದಲ್ಲಿ ನೋಡಿದ ಡ್ರಾಯಿಂಗ್ ಅಲ್ಲಿ ಗೋಡೆ ಮೇಲೆ ಇಲ್ಲದಿರಬಹುದು. ಪೆನ್ ಬೇಡ, ಪೆನ್ಸಿಲ್ ಮಾತ್ರ. ಕೋಣೆ ಯಾಕಿಷ್ಟು ಕತ್ತಲು ಅಂತ ಮಕ್ಕಳಿಗೆ ಮೊದಲೇ ಹೇಳಿ.

60 ಜನ ಒಟ್ಟಿಗೆ ಒಳಗೆ ನುಗ್ಗುವುದು ಬೇಡವೇ ಬೇಡ. 15ರ ನಾಲ್ಕು ಗುಂಪು ಮಾಡಿ, ಪ್ರತಿ ಗುಂಪಿಗೆ ಒಬ್ಬ ದೊಡ್ಡವರು. ಒಂದು ಗುಂಪು ಒಳಗೆ ಮಾಡೆಲ್ ನೋಡುವಾಗ ಇನ್ನೊಂದು ಹೊರಗೆ ಮ್ಯೂಸಿಯಂ ಕಟ್ಟಡವನ್ನೇ ಚಿತ್ರ ಬರೆಯಲಿ. ಆ ಕಟ್ಟಡವೂ ನೋಡಬೇಕಾದ್ದೇ ಅಲ್ವಾ? ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ 1984ರಲ್ಲಿ ಶುರುವಾದ ಆರ್ಕಿಟೆಕ್ಚರ್ ಮ್ಯೂಸಿಯಂನಲ್ಲಿ ಉಂಗರ್ಸ್ ಅನ್ನುವ ವಾಸ್ತುಶಿಲ್ಪಿ ಹಳೆಯ ಬಂಗಲೆಯ ಹೊರಗೋಡೆ ಉಳಿಸಿಕೊಂಡು ಒಳಗೆ ಇನ್ನೊಂದು ಮನೆಯನ್ನೇ ಕಟ್ಟಿದ್ದಾನೆ. ಲಂಡನ್ನಿನ ಸೋನ್ ಮ್ಯೂಸಿಯಂ ಅಂತೂ ಒಬ್ಬ ವಾಸ್ತುಶಿಲ್ಪಿಯ ಸ್ವಂತ ಮನೆ. ಅಲ್ಲಿ ಗೋಡೆಗಳೇ ಬಾಗಿಲಿನ ಹಾಗೆ ತೆರೆದುಕೊಂಡು ಹಿಂದೆ ಇನ್ನಷ್ಟು ಚಿತ್ರ ಕಾಣಿಸುತ್ತವೆ.

ಎಲ್ಲವನ್ನೂ ತೋರಿಸುವ ಆಸೆ ಬಿಡಿ. ನೀವೊಬ್ಬರೇ ಮೊದಲು ಒಂದು ಸಲ ಹೋಗಿ, ನಾಲ್ಕೈದು ವಸ್ತು ಆರಿಸಿಕೊಂಡು ಬನ್ನಿ. ಒಂದೊಂದರ ಮುಂದೆ ಹತ್ತು ನಿಮಿಷ. ಉಳಿದದ್ದನ್ನು ಇಷ್ಟ ಇದ್ದವರು ನೋಡಿಕೊಳ್ಳುತ್ತಾರೆ.

ಪ್ರಶ್ನೆ: ಮಕ್ಕಳಿಗೆ ವರ್ಕ್‌ಶೀಟ್ ಕೊಡದೇ ಇದ್ದರೆ ಸುಮ್ನೆ ಸುತ್ತಾಡುತ್ತಾರೆ. ಕೊಟ್ಟರೆ ಅದನ್ನೇ ತುಂಬುತ್ತಾ ಕೂರುತ್ತಾರೆ. ಏನು ಮಾಡೋದು?

ಉತ್ತರ: ಇಸವಿ ಬರೆ, ಹೆಸರು ಬರೆ ಅನ್ನುವ ಶೀಟ್ ಆದರೆ ಲೇಬಲ್ ಓದಿ ಕಾಪಿ ಮಾಡುತ್ತಾರೆ, ವಸ್ತುವಿನ ಕಡೆ ತಲೆ ಎತ್ತುವುದೂ ಇಲ್ಲ. ಲೇಬಲ್ಲಿನಲ್ಲಿ ಉತ್ತರ ಸಿಗದ ಪ್ರಶ್ನೆ ಕೇಳಿ. ಈ ಮನೆಯಲ್ಲಿ ಮಳೆ ನೀರು ಎಲ್ಲಿಂದ ಇಳಿದು ಹೋಗುತ್ತದೆ? ಬೆಂಕಿ ಬಿದ್ದರೆ ಯಾವ ಕಡೆ ಓಡುತ್ತೀಯ? ಮಧ್ಯಾಹ್ನ ಯಾವ ಕೋಣೆಗೆ ಬಿಸಿಲು? ಮೂರು ಪ್ರಶ್ನೆ ಸಾಕು, ಜೊತೆಗೆ ಚಿತ್ರ ಬರೆಯಲು ಖಾಲಿ ಜಾಗ.

ಪ್ರಶ್ನೆ: ನಾನು ಪೋಷಕ. ನಕಲು, ಮಾಡೆಲ್ ನೋಡಲು ಅಷ್ಟು ದೂರ ಯಾಕೆ? ನಿಜವಾದ ಕಟ್ಟಡಕ್ಕೇ ಕರೆದುಕೊಂಡು ಹೋಗಬಾರದಾ?

ಉತ್ತರ: ಹೋಗಬಹುದು, ಹೋಗಲೂ ಬೇಕು. ಆದರೆ ನಕಲನ್ನು ತಳ್ಳಿಹಾಕಬೇಡಿ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ 1873ರಲ್ಲಿ ತೆರೆದ ಹಾಲ್‌ಗಳಲ್ಲಿ ರೋಮಿನ ಟ್ರಾಜನ್ ಸ್ತಂಭ ಅನ್ನುವ ಪ್ರಾಚೀನ ಕೆತ್ತನೆಯ ಕಂಬದ ಪ್ಲಾಸ್ಟರ್ ಅಚ್ಚು ಇದೆ. ಅಷ್ಟು ಎತ್ತರದ ಹಾಲ್‌ಗೂ ಅದು ಹಿಡಿಸದೆ ಎರಡು ತುಂಡಾಗಿ ನಿಲ್ಲಿಸಿದ್ದಾರೆ. ಅಚ್ಚು ತೆಗೆದ ಮೇಲೆ ರೋಮಿನ ಮೂಲ ಕಂಬ ಗಾಳಿ, ಹೊಗೆಗೆ ಸವೆಯಿತು, ಹಾಗಾಗಿ ಕೆಲವು ಕೆತ್ತನೆಗಳು ಈಗ ನಕಲಿನಲ್ಲೇ ಚೆನ್ನಾಗಿ ಕಾಣುತ್ತವೆ. ಚಂಡೀಗಢಕ್ಕೆ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೇ ಯೋಚಿಸಿದ ರಾಜ್ಯಪಾಲರ ಭವನವನ್ನು ಕಟ್ಟಲೇ ಇಲ್ಲ. ಅದನ್ನು ನೋಡಬೇಕಂದರೆ ಡ್ರಾಯಿಂಗ್, ಮಾಡೆಲ್ ಬಿಟ್ಟು ಬೇರೆ ದಾರಿ ಏನಿದೆ ಹೇಳಿ. ಎರಡೂ ಆಗುವ ಹಾಗಿದ್ದರೆ ಮ್ಯೂಸಿಯಂ ಮೊದಲು, ಕಟ್ಟಡ ಆಮೇಲೆ. ಒಂದೇ ದಿನ ಎರಡನ್ನೂ ತುರುಕಬೇಡಿ, ಮಕ್ಕಳ ಕಾಲು ಸೋತುಹೋಗುತ್ತದೆ.