ಹತ್ತುವ ಸರಕು, ಇಳಿಯದ ಸರಕು

ಕೃಷಿ ಶಿಕ್ಷಣ ಕ್ಷೇತ್ರದಿಂದ ನಿವೃತ್ತರಾದ ಧಾರವಾಡದ ಓದುಗರೊಬ್ಬರು ಕಳೆದ ಸಂಚಿಕೆಯ ನಮ್ಮ ಬಾಹ್ಯಾಕಾಶ ಲೇಖನವನ್ನು ಓದಿ ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: ‘ರಷ್ಯಾದ ಪ್ರೊಗ್ರೆಸ್ ನೌಕೆ ಬಾಹ್ಯಾಕಾಶ ನಿಲ್ದಾಣಕ್ಕೆ ಸರಕು ಒಯ್ದು, ಬರುವಾಗ ಪ್ರಯೋಗದ ಮಾದರಿಗಳನ್ನು ಭೂಮಿಗೆ ತರುತ್ತದೆ ಎಂದು ಬರೆದಿದ್ದೀರಿ. ಅದು ದಾರಿಯಲ್ಲೇ ಉರಿದುಹೋಗುತ್ತದೆ ಎಂದು ನಾನು ತಿಳಿದಿದ್ದೆ. ಯಾವುದು ಸರಿ? ಹೊಸ ಸರಕು ನೌಕೆ, ಹೊಸ ಸಂಶೋಧನಾ ನೌಕೆ ಎಂದು ರಷ್ಯಾದವರು ಇಪ್ಪತ್ತು ವರ್ಷಗಳಿಂದ ಹೇಳುತ್ತಲೇ ಇದ್ದಾರೆ. ಓಡುತ್ತಿರುವುದು ಮಾತ್ರ 1978ರ ಹಳೆಯ ನೌಕೆ. ಅವರಿಗೆ ಕೈಲಾಗುತ್ತಿಲ್ಲವೋ, ಅಗತ್ಯವೇ ಇಲ್ಲವೋ?’

ಮಾನ್ಯರೇ,

ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು: ತಾವು ತಿಳಿದದ್ದೇ ಸರಿ, ನಾವು ಬರೆದದ್ದು ತಪ್ಪು. ಪ್ರೊಗ್ರೆಸ್ ನೌಕೆ ಭೂಮಿಗೆ ಇಳಿಯುವುದಕ್ಕಾಗಿ ಕಟ್ಟಿದ್ದಲ್ಲ. ನಿಲ್ದಾಣಕ್ಕೆ ಬೇಡವಾದ ಕಸವನ್ನೂ ಕೆಟ್ಟ ಉಪಕರಣಗಳನ್ನೂ ತುಂಬಿಕೊಂಡು ಅದು ಕಳಚಿಕೊಳ್ಳುತ್ತದೆ. ವಾತಾವರಣವನ್ನು ಹೊಕ್ಕು ಉರಿಯುತ್ತದೆ. ಉಳಿದ ಚೂರುಗಳು ದಕ್ಷಿಣ ಪೆಸಿಫಿಕ್ ಸಾಗರದಲ್ಲಿ, ಹಡಗುಗಳು ಓಡಾಡದ ಭಾಗದಲ್ಲಿ ಬೀಳುತ್ತವೆ. ನಮ್ಮ ಲೇಖಕರು ಎಡವಿದ್ದು ಬಹುಶಃ ‘ರಾದುಗ’ ಎಂಬ ಪುಟ್ಟ ಕೋಶದ ವಿಷಯದಲ್ಲಿ. 1990ರಿಂದ 1994ರವರೆಗೆ, ರಷ್ಯಾದವರ ಹಿಂದಿನ ನಿಲ್ದಾಣವಾದ ಮಿರ್‌ನ ಕಾಲದಲ್ಲಿ, ಕೆಲವು ಪ್ರೊಗ್ರೆಸ್ ನೌಕೆಗಳ ಮೂತಿಯಲ್ಲಿ ಈ ಕೋಶವನ್ನು ಕೂರಿಸುತ್ತಿದ್ದರು. ನೌಕೆ ಉರಿಯುವ ಮೊದಲು ಅದು ಬೇರ್ಪಟ್ಟು ಸುಮಾರು 150 ಕಿಲೋ ಸರಕಿನೊಂದಿಗೆ ಪ್ಯಾರಾಶೂಟಿನಲ್ಲಿ ಇಳಿಯುತ್ತಿತ್ತು. ಹತ್ತು ಕೋಶಗಳಾದ ಮೇಲೆ ಆ ಏರ್ಪಾಟು ನಿಂತುಹೋಯಿತು. ಅಂದಿನಿಂದ ಪ್ರೊಗ್ರೆಸ್‌ನದು ಒಮ್ಮುಖದ ಪಯಣ.

ಎರಡನೆಯ ಪ್ರಶ್ನೆ ಹಾಗೆ ಒಂದೇ ಮಾತಿನಲ್ಲಿ ಮುಗಿಯುವುದಲ್ಲ. ‘1978ರ ಹಳೆಯ ನೌಕೆ’ ಎಂಬ ತಮ್ಮ ಮಾತಿಗೇ ನಾನು ಒಂದು ಸಣ್ಣ ತಕರಾರು ಎತ್ತಬೇಕಾಗಿದೆ. ಆ ವರ್ಷದ ಜನವರಿ 20ರಂದು ಮೊದಲ ಪ್ರೊಗ್ರೆಸ್ ಸಾಲ್ಯೂಟ್-6 ನಿಲ್ದಾಣದತ್ತ ಹೊರಟದ್ದು ನಿಜ. ಜನರನ್ನು ಒಯ್ಯುವ ಸೋಯುಜ್ ನೌಕೆಯನ್ನೇ ತೆಗೆದುಕೊಂಡು, ಅದರ ನಡುಭಾಗದಲ್ಲಿ ಯಾತ್ರಿಗಳು ಕೂತು ಇಳಿಯುವ ಕೋಶವಿದ್ದ ಜಾಗದಲ್ಲಿ ಇಂಧನದ ತೊಟ್ಟಿಗಳನ್ನು ಇಟ್ಟದ್ದು ಅದರ ಮೂಲ ಉಪಾಯ. ಮುಂದಿನ ಕೋಣೆಯಲ್ಲಿ ಆಹಾರ, ಬಟ್ಟೆ, ಉಪಕರಣಗಳು, ನಡುವೆ ಇಂಧನ, ಹಿಂದೆ ಎಂಜಿನ್ನು. ನಿಲ್ದಾಣದ ಎಂಜಿನ್ನುಗಳಿಗೆ ಬೇಕಾದ ರಾಸಾಯನಿಕಗಳು ಘೋರ ವಿಷವಾದ್ದರಿಂದ ಅವು ಜನ ಉಸಿರಾಡುವ ಕೋಣೆಯೊಳಗೆ ಬರುವಂತೆಯೇ ಇಲ್ಲ. ಜೋಡಣೆಯ ಅಂಚಿನಲ್ಲಿರುವ ಕೊಳವೆಗಳ ಮೂಲಕ ನೇರವಾಗಿ ನಿಲ್ದಾಣದ ತೊಟ್ಟಿಗೆ ಹರಿಯುತ್ತವೆ. ಕಕ್ಷೆಯಲ್ಲಿ ಹೀಗೆ ಇಂಧನ ತುಂಬಿಸಿದ್ದು ಆ ಮೊದಲ ಹಾರಾಟದಲ್ಲೇ. ಈ ಮೈಕಟ್ಟು ಇಂದಿಗೂ ಹಾಗೆಯೇ ಇದೆ. ಆದರೆ 1989ರಲ್ಲಿ ‘ಎಂ’ ಮಾದರಿ, 2015ರ ಡಿಸೆಂಬರಿನಲ್ಲಿ ‘ಎಂಎಸ್’ ಮಾದರಿ ಬಂದು, ಗಣಕ, ರೇಡಿಯೊ, ನಿಲ್ದಾಣವನ್ನು ಹುಡುಕಿ ಸಮೀಪಿಸುವ ‘ಕುರ್ಸ್’ ವ್ಯವಸ್ಥೆ ಎಲ್ಲವೂ ಬದಲಾದವು. ಗೋಡೆಗಳನ್ನು ಉಳಿಸಿಕೊಂಡು ವಯರಿಂಗನ್ನೆಲ್ಲ ಹೊಸದಾಗಿ ಮಾಡಿಸಿದ ಹಳೆಯ ಮನೆಯಂತೆ. ಮೊದಲ ಪ್ರೊಗ್ರೆಸ್ ನಿಲ್ದಾಣ ಸೇರಲು ಎರಡು ದಿನ ಹಿಡಿದಿತ್ತು. 2018ರ ಜುಲೈನಲ್ಲಿ ಪ್ರೊಗ್ರೆಸ್ ಎಂಎಸ್-09 ಅದೇ ಬಗೆಯ ಪಯಣವನ್ನು 3 ಗಂಟೆ 40 ನಿಮಿಷಗಳಲ್ಲಿ ಮುಗಿಸಿತು.

ಇದನ್ನು ಬರಿಯ ಲಾರಿ ಎಂದು ಕರೆಯುವುದೂ ಅನ್ಯಾಯ. ಅದು ಟ್ಯಾಂಕರೂ ಹೌದು, ನಿಲ್ದಾಣ ತಗ್ಗಿದಾಗ ಮೇಲಕ್ಕೆ ತಳ್ಳುವ ಎಂಜಿನ್ನೂ ಹೌದು. 2001ರ ಮಾರ್ಚ್ 23ರಂದು ಮಿರ್ ನಿಲ್ದಾಣವನ್ನು ಕಕ್ಷೆಯಿಂದ ಇಳಿಸಿ ಸಾಗರಕ್ಕೆ ಸೇರಿಸಿದ್ದು ಪ್ರೊಗ್ರೆಸ್ ಎಂ1-5ರ ಎಂಜಿನ್ನುಗಳು. ಸೋಯುಜ್‌ನೊಂದಿಗೆ ಕಾರ್ಖಾನೆ, ರಾಕೆಟ್ಟು, ಉಡಾವಣಾ ವೇದಿಕೆ, ಜೋಡಣೆಯ ಯಂತ್ರ ಎಲ್ಲವನ್ನೂ ಹಂಚಿಕೊಳ್ಳುವ ಇಂಥ ನೌಕೆಯನ್ನು ಬಿಟ್ಟುಕೊಡಬೇಕಾದರೆ ಹೊಸದು ಸ್ವಲ್ಪ ಚೆನ್ನಾಗಿದ್ದರೆ ಸಾಲದು. ಹೊಸ ಯೋಜನೆಗಳೆಲ್ಲ ಮುಗ್ಗರಿಸಿದ್ದು ಇಲ್ಲೇ ಎಂಬುದು ನನ್ನ ಅಭಿಪ್ರಾಯ.

ಅವುಗಳಲ್ಲಿ ನನಗೆ ಹೆಚ್ಚು ಮೆಚ್ಚಿಗೆಯಾದದ್ದು ‘ಪರೋಮ್’. ಸೋಯುಜ್, ಪ್ರೊಗ್ರೆಸ್‌ಗಳನ್ನು ಕಟ್ಟುವ ಎನರ್ಜಿಯಾ ಸಂಸ್ಥೆ 2000ದ ದಶಕದ ನಡುವೆ ಇದನ್ನು ಮುಂದಿಟ್ಟಿತು. ಪರೋಮ್ ಎಂದರೆ ರಷ್ಯನ್ ಭಾಷೆಯಲ್ಲಿ ಕಡವಿನ ದೋಣಿ. ಈ ದೋಣಿ ಭೂಮಿಗೆ ಬರುವುದೇ ಇಲ್ಲ, ಕಕ್ಷೆಯಲ್ಲೇ ಇರುತ್ತದೆ. ಯಾವುದೋ ರಾಕೆಟ್ಟು ಎಂಜಿನ್ನಿಲ್ಲದ ಸರಕಿನ ಡಬ್ಬಿಯನ್ನು ಕೆಳಗಿನ ಕಕ್ಷೆಯಲ್ಲಿ ಬಿಟ್ಟುಹೋಗುತ್ತದೆ. ದೋಣಿ ಬಂದು ಅದನ್ನು ಕಟ್ಟಿಕೊಂಡು ನಿಲ್ದಾಣಕ್ಕೆ ಮುಟ್ಟಿಸುತ್ತದೆ. ಪ್ರತಿ ಬಾರಿಯೂ ದುಬಾರಿ ಎಂಜಿನ್ನು, ಗಣಕಗಳನ್ನು ಸುಟ್ಟುಹಾಕುವ ಪ್ರಮೇಯವಿಲ್ಲ. ಲೆಕ್ಕ ಚೊಕ್ಕವಾಗಿತ್ತು. ಆದರೆ ಅದು ಲಾಭಕ್ಕೆ ಬರಬೇಕಾದರೆ ಸಾಗಿಸಲು ಬಹಳಷ್ಟು ಸರಕು ಇರಬೇಕು. ವರ್ಷಕ್ಕೆ ಮೂರು ನಾಲ್ಕು ಪ್ರೊಗ್ರೆಸ್‌ಗಳು ಪೂರೈಸಿಬಿಡುವಷ್ಟು ಸರಕಿಗೆ ಕಾಯಂ ದೋಣಿ ಯಾಕೆ? ಪರೋಮ್ ಕಾಗದದಿಂದ ಮೇಲೇಳಲಿಲ್ಲ.

ಆಮೇಲೆ ಬಂದದ್ದು ಹಿಗ್ಗಿಸಿದ ಪ್ರೊಗ್ರೆಸ್. ಹೆಚ್ಚು ಶಕ್ತಿಯ ಸೋಯುಜ್-2.1ಬಿ ರಾಕೆಟ್ಟಿನ ಮೇಲೆ ಹೋಗುವ ಈ ನೌಕೆ ಸುಮಾರು 2.5 ಟನ್ನಿನ ಬದಲು 3.4 ಟನ್ ಸರಕು ಒಯ್ಯಬೇಕಿತ್ತು. ವರ್ಷಕ್ಕೆ ನಾಲ್ಕರ ಬದಲು ಮೂರು ಹಾರಾಟ ಸಾಕಾಗುತ್ತಿತ್ತು. ಕೇಳಲು ಚೆನ್ನಾಗಿದೆ. ಆದರೆ ಆ ವರ್ಷಗಳಲ್ಲಿ ರಷ್ಯಾದವರ ನಿದ್ದೆಗೆಡಿಸಿದ್ದು ನೌಕೆಯ ಗಾತ್ರವಲ್ಲ. 2011ರ ಆಗಸ್ಟ್, 2015ರ ಏಪ್ರಿಲ್, 2016ರ ಡಿಸೆಂಬರ್, ಹೀಗೆ ಆರು ವರ್ಷಗಳೊಳಗೆ ಮೂರು ಪ್ರೊಗ್ರೆಸ್ ನೌಕೆಗಳು ಹಾಳಾದವು, ಮೂರೂ ಸಲ ಎಡವಟ್ಟಾದದ್ದು ರಾಕೆಟ್ಟಿನ ಮೂರನೆಯ ಹಂತದ ಹೊತ್ತಿನಲ್ಲಿ. ಇಂಥ ಹೊತ್ತಿನಲ್ಲಿ ಒಂದೊಂದು ನೌಕೆಯಲ್ಲೂ ಇನ್ನಷ್ಟು ಸರಕು ತುಂಬಿ ಕಳಿಸುವುದೆಂದರೆ ನಷ್ಟವನ್ನೂ ದೊಡ್ಡದು ಮಾಡಿಕೊಂಡಂತೆ. ಅದರ ಮೇಲೆ, ಅಂತಾರಾಷ್ಟ್ರೀಯ ನಿಲ್ದಾಣದಲ್ಲಿ 2028ರವರೆಗೆ ಇರುವುದಾಗಿ ರಷ್ಯಾ ಮಾತು ಕೊಟ್ಟಿದೆ. ಉಳಿದಿರುವ ಆ ಕೆಲವು ವರ್ಷಗಳಿಗಾಗಿ ಹೊಸ ನೌಕೆಯ ಪರೀಕ್ಷೆಗೆ ಹಣ ಸುರಿಯುವವರು ಯಾರು?

2020ರಲ್ಲಿ ರಷ್ಯಾದ ಬಾಹ್ಯಾಕಾಶ ಸಂಸ್ಥೆ ರೋಸ್‌ಕಾಸ್ಮೋಸ್ ಒಂದು ಖಾಸಗಿ ಕಂಪನಿಯೊಂದಿಗೆ ‘ಆರ್ಗೊ’ ಎಂಬ ನೌಕೆಯ ಬಗ್ಗೆ ಒಪ್ಪಂದ ಮಾಡಿಕೊಂಡಿತು. 2 ಟನ್ ಮೇಲಕ್ಕೆ ಒಯ್ದು, 1 ಟನ್ ಕೆಳಕ್ಕೆ ತರುವ, ಮತ್ತೆ ಮತ್ತೆ ಬಳಸಬಹುದಾದ ನೌಕೆ. ತಮ್ಮ ಪ್ರಶ್ನೆಗೆ ಸರಿಯಾಗಿ ಹೊಂದುವ ಯೋಜನೆ ಇದೊಂದೇ, ಏಕೆಂದರೆ ರಷ್ಯಾಕ್ಕೆ ಕೊರತೆಯಿರುವುದು ಒಯ್ಯುವುದರಲ್ಲಲ್ಲ, ತರುವುದರಲ್ಲಿ. ಸೋಯುಜ್ ಇಳಿಯುವಾಗ ಮೂವರು ಯಾತ್ರಿಗಳ ನಡುವೆ ಕೆಲವೇ ಹತ್ತು ಕಿಲೋಗಳಷ್ಟು ಸಾಮಾನು ಹಿಡಿಸುತ್ತದೆ. ಅಮೆರಿಕದ ಡ್ರ್ಯಾಗನ್ ಸರಕು ನೌಕೆಗೆ ಟನ್ನುಗಳ ಲೆಕ್ಕದಲ್ಲಿ ತರುವ ಶಕ್ತಿ ಇದೆ. ಇದರ ಬೆಲೆ ಏನೆಂದು ಧಾರವಾಡದವರಾದ ತಮಗೆ ನಾನು ವಿವರಿಸಬೇಕಿಲ್ಲ: 2025ರಲ್ಲಿ ಶುಭಾಂಶು ಶುಕ್ಲಾ ಅವರು ನಿಲ್ದಾಣದಲ್ಲಿ ಮೊಳಕೆಯೊಡೆಸಿದ ಹೆಸರುಕಾಳು, ಮೆಂತ್ಯದ ಪ್ರಯೋಗ ತಮ್ಮೂರಿನ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯವರದೇ. ಆ ಮೊಳಕೆಗಳನ್ನು ಶೀತಪೆಟ್ಟಿಗೆಯಲ್ಲಿಟ್ಟು ಭೂಮಿಗೆ ತಂದು ನೋಡಿದರೆ ಮಾತ್ರ ಪ್ರಯೋಗಕ್ಕೆ ಅರ್ಥ. ಉರಿದುಹೋಗುವ ನೌಕೆಯಿಂದ ಆ ಕೆಲಸ ಆಗುವುದಿಲ್ಲ. ಆರ್ಗೊ ಮಾತ್ರ ಇನ್ನೂ ಹಾರಿಲ್ಲ.

ಸಂಶೋಧನಾ ನೌಕೆಗಳ ಕಥೆ ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಸ್ವಾರಸ್ಯದ್ದು. ನಿಲ್ದಾಣದಲ್ಲಿ ಭಾರವಿಲ್ಲ ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಆದರೆ ಅಲ್ಲಿ ಫ್ಯಾನುಗಳು ತಿರುಗುತ್ತಿರುತ್ತವೆ, ಪಂಪುಗಳು ಅದುರುತ್ತಿರುತ್ತವೆ, ಯಾತ್ರಿಗಳು ದಿನಕ್ಕೆ ಸುಮಾರು ಎರಡು ಗಂಟೆ ಟ್ರೆಡ್‌ಮಿಲ್ ಮೊದಲಾದವುಗಳ ಮೇಲೆ ವ್ಯಾಯಾಮ ಮಾಡುತ್ತಾರೆ, ಆಗಾಗ ಒಂದು ನೌಕೆ ಬಂದು ಡಿಕ್ಕಿಯಂತೆಯೇ ಜೋಡಿಕೊಳ್ಳುತ್ತದೆ. ಶುದ್ಧವಾದ ಅರೆವಾಹಕ ಹರಳನ್ನು ಬೆಳೆಸಲು ಹೊರಟವರಿಗೆ ಇದು ಸಂತೆಯ ನಡುವೆ ಕೂತು ತಂಬೂರಿ ಶ್ರುತಿ ಮಾಡಿದಂತೆ. ಇದಕ್ಕೆ ಉತ್ತರವಾಗಿ ಎನರ್ಜಿಯಾ ರೂಪಿಸಿದ ಯೋಜನೆಯ ಹೆಸರು ‘ಒಕಾ-ಟಿ’. ಅದು ಯಾರೂ ಇಲ್ಲದ, ಒಂಟಿಯಾಗಿ ಹಾರುವ ಪ್ರಯೋಗಾಲಯ. ತಿಂಗಳುಗಟ್ಟಲೆ ತನ್ನ ಪಾಡಿಗೆ ತಾನು ನಿಶ್ಚಲವಾಗಿದ್ದು, ಆಮೇಲೆ ನಿಲ್ದಾಣಕ್ಕೆ ಬಂದು ಜೋಡಿಕೊಳ್ಳುತ್ತದೆ. ಯಾತ್ರಿಗಳು ಬೆಳೆದ ಹರಳುಗಳನ್ನು ತೆಗೆದುಕೊಂಡು, ಹೊಸ ಕಚ್ಚಾವಸ್ತು ತುಂಬಿ, ಇಂಧನ ಕೊಟ್ಟು ಬಿಡುತ್ತಾರೆ. ನಿಲ್ದಾಣ ಗಲಾಟೆಯ ಜಾಗವಾಗುವ ಬದಲು ರಿಪೇರಿಯ ಜಾಗವಾಗುತ್ತದೆ. 2010ರ ದಶಕದ ಪೂರ್ತಿ ಇದರ ದಿನಾಂಕ ಮುಂದೆ ಮುಂದೆ ಹೋಗಿ, ಕೊನೆಗೆ ಹಾರಲೇ ಇಲ್ಲ. ನಿಜಕ್ಕೂ ನಷ್ಟ ಎನಿಸುವುದು ನನಗೆ ಇದೊಂದೇ. ಇದರ ಒಂದು ಎಳೆ ಮಾತ್ರ ಬೇರೆ ರೂಪದಲ್ಲಿ ಉಳಿದಿದೆ: ಬಾಹ್ಯಾಕಾಶದ ನಿರ್ವಾತದಲ್ಲೇ ಗ್ಯಾಲಿಯಂ ಆರ್ಸೆನೈಡ್ ಎಂಬ ಅರೆವಾಹಕದ ತೆಳು ಪದರಗಳನ್ನು ಬೆಳೆಸುವ ‘ಎಕ್ರಾನ್-ಎಂ’ ಉಪಕರಣವನ್ನು 2025ರ ಅಕ್ಟೋಬರಿನಲ್ಲಿ ಯಾತ್ರಿಗಳು ನಿಲ್ದಾಣದ ಹೊರಮೈಗೆ ಜೋಡಿಸಿದರು.

ಹಾರಿದ್ದು, ಇಳಿದದ್ದು ‘ಬಿಯಾನ್’, ಜೀವಿಗಳನ್ನು ಒಯ್ದು ತರುವ ಸಂಶೋಧನಾ ನೌಕೆ. ಇದರ ಇಳಿಕೆಯ ಕೋಶ ಗಗಾರಿನ್ ಕೂತಿದ್ದ ಗುಂಡನೆಯ ವಸ್ತೋಕ್ ಕೋಶದ ವಂಶದ್ದು. ಇದನ್ನು ಕಟ್ಟುವುದು ಸಮಾರಾ ನಗರದ ‘ಪ್ರೊಗ್ರೆಸ್’ ಎಂಬ ಸಂಸ್ಥೆ. (ಪ್ರೊಗ್ರೆಸ್ ನೌಕೆಯನ್ನು ಕಟ್ಟುವುದು ಪ್ರೊಗ್ರೆಸ್ ಸಂಸ್ಥೆಯಲ್ಲ, ಎನರ್ಜಿಯಾ, ಈ ಹೆಸರಿನ ಗೊಂದಲದಲ್ಲಿ ನಮ್ಮ ಕಚೇರಿಯೂ ಒಮ್ಮೆ ಸಿಕ್ಕಿಬಿದ್ದಿದೆ.) 2013ರಲ್ಲಿ ಬಿಯಾನ್-ಎಂ1 ಇಲಿ, ಹಲ್ಲಿಗಳೊಂದಿಗೆ ಒಂದು ತಿಂಗಳು ಹಾರಿತು, ಇಲಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ತವು. 2025ರ ಆಗಸ್ಟ್ 20ರಂದು ಕಝಾಕಸ್ತಾನದ ಬೈಕನೂರು ಉಡಾವಣಾ ಕೇಂದ್ರದಿಂದ ಹೊರಟ ಬಿಯಾನ್-ಎಂ2 75 ಇಲಿಗಳನ್ನೂ ಸಾವಿರಕ್ಕೂ ಹೆಚ್ಚು ಹಣ್ಣಿನ ನೊಣಗಳನ್ನೂ ಒಯ್ದು, ಸೆಪ್ಟೆಂಬರ್ 19ರಂದು ಒರೆನ್‌ಬುರ್ಗ್ ಪ್ರಾಂತ್ಯದಲ್ಲಿ ಇಳಿಯಿತು. ಮುಖ್ಯವಾದದ್ದು ಅದು ಆರಿಸಿಕೊಂಡ ದಾರಿ. ಅಂತಾರಾಷ್ಟ್ರೀಯ ನಿಲ್ದಾಣದ ಕಕ್ಷೆ ಸಮಭಾಜಕಕ್ಕೆ 51.6 ಡಿಗ್ರಿ ಓರೆಯಾಗಿದೆ. ಬಿಯಾನ್-ಎಂ2 ಹಾರಿದ್ದು ಸುಮಾರು 97 ಡಿಗ್ರಿಯಲ್ಲಿ, ಎಂದರೆ ಧ್ರುವಗಳ ಮೇಲೆ. ಭೂಮಿಯ ಕಾಂತಕ್ಷೇತ್ರದ ರಕ್ಷಣೆ ಅಲ್ಲಿ ತೆಳುವಾಗಿರುವುದರಿಂದ ವಿಕಿರಣ ಹೆಚ್ಚು. ರಷ್ಯಾ ತನ್ನದೇ ಹೊಸ ನಿಲ್ದಾಣವನ್ನು ಅಂಥ ಕಕ್ಷೆಯಲ್ಲಿ ಕಟ್ಟುವ ಯೋಚನೆ ಮಾಡಿತ್ತು. ಮನುಷ್ಯರಿಗಿಂತ ಮೊದಲು ಇಲಿಗಳು ಹೋಗಿ ನೋಡಿಬಂದವು.

ಸರಕು ನೌಕೆಯ ಭವಿಷ್ಯವೂ ಈ ಕಕ್ಷೆಗೇ ತಗುಲಿಕೊಂಡಿದೆ. ಪೂರ್ವಕ್ಕೆ ಹಾರುವ ರಾಕೆಟ್ಟಿಗೆ ಭೂಮಿಯ ತಿರುಗುವಿಕೆ ಒಂದಿಷ್ಟು ವೇಗವನ್ನು ಪುಕ್ಕಟೆಯಾಗಿ ಕೊಡುತ್ತದೆ. ಧ್ರುವದ ಕಡೆ ಹೊರಟರೆ ಅದು ಸಿಗುವುದಿಲ್ಲ. ಆದ್ದರಿಂದ ಅದೇ ರಾಕೆಟ್ಟು, ಅದೇ ಪ್ರೊಗ್ರೆಸ್ ಅಲ್ಲಿಗೆ ಕಡಿಮೆ ಸರಕು ಒಯ್ಯುತ್ತದೆ. ಹೊಸ ನೌಕೆಗೆ ನಿಜವಾದ ಕಾರಣ ಹುಟ್ಟುವುದು ಆಗ. 2024ರ ಜುಲೈನಲ್ಲಿ ಒಪ್ಪಿಗೆ ಪಡೆದ ವೇಳಾಪಟ್ಟಿಯ ಪ್ರಕಾರ ಹೊಸ ನಿಲ್ದಾಣದ ಮೊದಲ ಘಟಕ 2027ರಲ್ಲಿ, ಕೊನೆಯದು 2033ರೊಳಗೆ ಏರಬೇಕು. ಆದರೆ 2025ರ ಕೊನೆಯ ಹೊತ್ತಿಗೆ 51.6 ಡಿಗ್ರಿಗೇ ಮರಳುವ ಮಾತು ರಷ್ಯಾದ ಬಾಹ್ಯಾಕಾಶ ವಲಯದಿಂದಲೇ ಕೇಳಿಬಂದಿದೆ. ಹಾಗಾದರೆ ಹಳೆಯ ಪ್ರೊಗ್ರೆಸ್ ಇನ್ನೂ ಹತ್ತು ವರ್ಷ ಓಡಿದರೂ ನನಗೆ ಆಶ್ಚರ್ಯವಿಲ್ಲ.

ಕೈಲಾಗುತ್ತಿಲ್ಲವೋ, ಅಗತ್ಯವಿಲ್ಲವೋ ಎಂದು ಕೇಳಿದ್ದಿರಿ. ಒಯ್ಯುವ ನೌಕೆಯ ಮಟ್ಟಿಗೆ ಅಗತ್ಯ ಬೀಳಲಿಲ್ಲ ಎನ್ನುತ್ತೇನೆ. ತರುವ ನೌಕೆಯ ಮಟ್ಟಿಗೆ, ಒಂಟಿ ಪ್ರಯೋಗಾಲಯದ ಮಟ್ಟಿಗೆ, ಅಗತ್ಯವಿತ್ತು, ಹಣ ಮತ್ತು ಹಟ ಎರಡೂ ಸಾಲಲಿಲ್ಲ. ನೌಕೆಗಿಂತ ನೆಲದ ಚಿಂತೆಯೇ ಅವರಿಗೆ 2025ರ ಕೊನೆಯಲ್ಲಿ ದೊಡ್ಡದಾಗಿದ್ದಿರಬೇಕು. ಗಗಾರಿನ್ ಹೊರಟ ವೇದಿಕೆ 2019ರ ಸೆಪ್ಟೆಂಬರಿನಲ್ಲಿ ಕೊನೆಯ ರಾಕೆಟ್ಟನ್ನು ಕಳಿಸಿದ ಮೇಲೆ, ನಿಲ್ದಾಣಕ್ಕೆ ಹೋಗುವ ಪ್ರೊಗ್ರೆಸ್ ಮತ್ತು ಸೋಯುಜ್‌ಗಳೆರಡೂ ಬೈಕನೂರಿನ 31ನೇ ವೇದಿಕೆಯೊಂದನ್ನೇ ನೆಚ್ಚಿಕೊಂಡಿದ್ದವು. 2025ರ ನವೆಂಬರ್ 27ರಂದು ಅಲ್ಲಿಂದ ಸೋಯುಜ್ ಸುರಕ್ಷಿತವಾಗಿ ಹೊರಟಿತು. ಅದರ ಹಿಂದೆಯೇ ವೇದಿಕೆಯ ಅಡಿಯ ಸೇವಾ ಕಟ್ಟೆ ಬೆಂಕಿಯ ಕಂದಕಕ್ಕೆ ಕುಸಿದುಬಿತ್ತು, ಡಿಸೆಂಬರಿಗೆ ಗೊತ್ತಾಗಿದ್ದ ಪ್ರೊಗ್ರೆಸ್‌ನ ಪಯಣ ಮುಂದಕ್ಕೆ ಹೋಯಿತು.

ನಮ್ಮ ತಪ್ಪಿಗೆ ತಿದ್ದುಪಡಿಯನ್ನು ಈ ಸಂಚಿಕೆಯ ಎರಡನೆಯ ಪುಟದಲ್ಲಿ ಅಚ್ಚು ಹಾಕಿದ್ದೇವೆ. ತಮ್ಮ ಪತ್ರದ ಕೊನೆಯಲ್ಲಿ ಬೀಜಗಳ ಮೇಲೆ ವಿಕಿರಣದ ಪರಿಣಾಮದ ಬಗ್ಗೆ ಎರಡು ಸಾಲು ಬರೆದು ನಿಲ್ಲಿಸಿದ್ದೀರಿ. ಅದನ್ನು ಲೇಖನವಾಗಿ ಬೆಳೆಸಿ ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇವೆ.

— ಸಂಪಾದಕ