ಬೆಳ್ಳಿ ಹೊತ್ತ ಗೇರುಸೊಪ್ಪೆ

ಪ್ರಶ್ನೆ: ನಮ್ಮ ಗೇರುಸೊಪ್ಪೆಯ ಹೆಸರಿನ ಹಡಗೊಂದು ಯುದ್ಧದ ಕಾಲದಲ್ಲಿ ಬೆಳ್ಳಿ ತುಂಬಿಕೊಂಡು ಮುಳುಗಿತಂತೆ. ನಿಜವಾ, ಸುಮ್ನೆ ಕಥೆಯಾ?
– ಓದುಗರೊಬ್ಬರು, ಹೊನ್ನಾವರ

ಉತ್ತರ: ನಿಜ. ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿಯ ಸರಕು ಹಡಗು ಅದು, ಎಸ್.ಎಸ್. ಗೈರ್‌ಸೊಪ್ಪ. 1919ರಲ್ಲಿ ಇಂಗ್ಲೆಂಡಿನಲ್ಲಿ ಕಟ್ಟಿದ್ದು.

ಎಲ್ಲರೂ ಬೆಳ್ಳಿಯನ್ನೇ ಕೇಳುತ್ತಾರೆ. ಹಡಗಿನ ಎಂಜಿನ್ ಕೋಣೆಯಲ್ಲಿ ಬೆವರು ಸುರಿಸಿದ ನನ್ನಂಥವನು ಮೊದಲು ಕೇಳುವುದು ಕಲ್ಲಿದ್ದಲಿನ ಲೆಕ್ಕ. 1940ರ ಡಿಸೆಂಬರಿನಲ್ಲಿ ಹಡಗು ಕಲ್ಕತ್ತ ಬಿಟ್ಟಿತು. ಒಳಗೆ ಬೆಳ್ಳಿ, ಬೀಡು ಕಬ್ಬಿಣ, ಚಹಾ, ಟಪಾಲು. ಆಫ್ರಿಕಾದ ಫ್ರೀಟೌನಿನಲ್ಲಿ ಬೇರೆ ಹಡಗುಗಳ ಗುಂಪನ್ನು ಸೇರಿಕೊಂಡಿತು. ಅಟ್ಲಾಂಟಿಕ್‌ನಲ್ಲಿ ಹವೆ ಕೆಟ್ಟಿತು. ಅಂಥ ಎದುರುಗಾಳಿಯಲ್ಲಿ ಬಾಯ್ಲರಿಗೆ ಎಷ್ಟು ಸುರಿದರೂ ದಾರಿ ಸಾಗುವುದಿಲ್ಲ, ಕಲ್ಲಿದ್ದಲು ತುಂಬಿಡುವ ಬಂಕರ್ ಮಾತ್ರ ಬರಿದಾಗುತ್ತದೆ. ಬ್ರಿಟನ್ ಮುಟ್ಟುವಷ್ಟು ಕಲ್ಲಿದ್ದಲು ಇಲ್ಲವೆಂದು ಗೊತ್ತಾದ ಮೇಲೆ ಗುಂಪು ಬಿಟ್ಟು ಐರ್ಲೆಂಡಿನ ಗಾಲ್ವೇ ಕಡೆ ತಿರುಗಿದರು. ಬೇರೆ ದಾರಿ ಏನಿತ್ತು ಹೇಳಿ?

ಒಂಟಿ ಹಡಗನ್ನು ಮೊದಲು ಜರ್ಮನ್ ವಿಮಾನವೊಂದು ಸುತ್ತು ಹಾಕಿ ನೋಡಿಹೋಯಿತು. 1941ರ ಫೆಬ್ರುವರಿ ಮಧ್ಯದ ಆ ರಾತ್ರಿ ಯು-101 ಸಬ್‌ಮೆರಿನ್ ಟಾರ್ಪಿಡೊ ಹೊಡೆಯಿತು. ಮುಂದಿನ ಕೂವೆಮರ ಉರುಳಿ ವೈರ್‌ಲೆಸ್ ತಂತಿಯನ್ನೂ ಕಿತ್ತುಕೊಂಡು ಬಿತ್ತು. ಹಾಗಾಗಿ ಸಹಾಯಕ್ಕೆ ಕೂಗುವ ದಾರಿಯೂ ಮುಚ್ಚಿತು.

ಹಡಗಿನಲ್ಲಿದ್ದವರು 80ಕ್ಕೂ ಜಾಸ್ತಿ, ಹೆಚ್ಚಿನವರು ಭಾರತದ ಖಲಾಸಿಗಳು. ಬದುಕಿದ್ದು ಸೆಕೆಂಡ್ ಆಫೀಸರ್ ರಿಚರ್ಡ್ ಏರ್ಸ್ ಒಬ್ಬರೇ. 13 ದಿನ ಲೈಫ್‌ಬೋಟಿನಲ್ಲಿದ್ದು ಇಂಗ್ಲೆಂಡಿನ ಕಾರ್ನ್‌ವಾಲ್ ತೀರ ತಲುಪಿದರು. ದಡದ ಹತ್ತಿರ ಬಂದ ಮೇಲೆ ದೋಣಿ ಮಗುಚಿ, ಅಲ್ಲಿಯವರೆಗೆ ಜೀವ ಹಿಡಿದಿದ್ದ ಉಳಿದವರೂ ಹೋದರು. ಕತೆಯಲ್ಲಿ ನನಗೆ ಓದಲಾಗದ ಭಾಗ ಇದೇ.

ಇನ್ನು ನಿಮ್ಮ ಬೆಳ್ಳಿ. 2011ರಲ್ಲಿ ಒಡಿಸ್ಸಿ ಎಂಬ ಅಮೆರಿಕನ್ ಕಂಪನಿ ಸುಮಾರು 4,700 ಮೀಟರ್ ಆಳದಲ್ಲಿ ಹಡಗನ್ನು ಪತ್ತೆ ಮಾಡಿತು. ಮುಂದಿನ ಎರಡು ವರ್ಷಗಳಲ್ಲಿ 2,792 ಗಟ್ಟಿಗಳನ್ನು, ಅಂದರೆ ನೂರು ಟನ್ನಿಗೂ ಮಿಕ್ಕಿದ ಬೆಳ್ಳಿಯನ್ನು, ಮೇಲೆತ್ತಿತು. ಬ್ರಿಟನ್ ಸರ್ಕಾರದೊಂದಿಗಿನ ಒಪ್ಪಂದದಂತೆ ಖರ್ಚು ಕಳೆದು ಉಳಿದದ್ದರಲ್ಲಿ ನೂರಕ್ಕೆ 80 ಪಾಲು ಕಂಪನಿಗೆ, 20 ಪಾಲು ಸರ್ಕಾರಕ್ಕೆ.

ಬೆಳ್ಳಿಗಿಂತ ಸೋಜಿಗ ಅಂದರೆ ಟಪಾಲು. 700ಕ್ಕೂ ಹೆಚ್ಚು ಪತ್ರಗಳು ಸಿಕ್ಕವು, ಇವತ್ತಿಗೂ ಓದಬಹುದು! ಅಷ್ಟು ಆಳದಲ್ಲಿ ಬೆಳಕಿಲ್ಲ, ಚಳಿ ಬೇರೆ. ಒತ್ತಾಗಿ ಬಿದ್ದಿದ್ದ ಕಾಗದದ ರಾಶಿಗೆ ಆಮ್ಲಜನಕವೂ ತಾಗಲಿಲ್ಲ, ಹಾಗಾಗಿ ಕೊಳೆಯಲಿಲ್ಲ. 2018ರಲ್ಲಿ ಲಂಡನ್ನಿನ ಪೋಸ್ಟಲ್ ಮ್ಯೂಸಿಯಂ ಇವುಗಳದ್ದೇ ಒಂದು ಪ್ರದರ್ಶನ ಏರ್ಪಡಿಸಿತ್ತು.