ಗುಣವಾಯಿತೆಂದು ನಂಬಿದ ಮೇಲೆ ಸೂಜಿ ಬಿಡಬಹುದೇ?

ಪ್ರಶ್ನೆ: ಅಮ್ಮನಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಮೂರು ದಿನದ ಉಪವಾಸ ಪ್ರಾರ್ಥನೆ ಮುಗಿಸಿ ಬಂದಾಗಿನಿಂದ ‘ಯೇಸು ನನ್ನನ್ನು ಗುಣಪಡಿಸಿದ್ದಾನೆ’ ಅನ್ನುತ್ತಿದ್ದಾರೆ. ಮರುದಿನ ಸಕ್ಕರೆಯೂ ಕಡಿಮೆಯೇ ಬಂತು. ಇನ್ನೂ ಸೂಜಿ ಚುಚ್ಚಿಕೊಂಡರೆ ಅದು ಅಪನಂಬಿಕೆ ಎಂದು ಜೊತೆಯವರು ಹೇಳಿದ್ದಾರಂತೆ. ಏನು ಮಾಡಲಿ?

ಉತ್ತರ: ಸೂಜಿ ನಿಲ್ಲಕೂಡದು. ಮಿಕ್ಕ ಮಾತೆಲ್ಲ ಆಮೇಲೆ.

ಮೂರು ದಿನ ಸರಿಯಾಗಿ ಊಟ ಮಾಡದವರಿಗೆ ಸಕ್ಕರೆ ಇಳಿಯುವುದು ಸಹಜ. ಊಟ ಬಿಟ್ಟು ಇನ್ಸುಲಿನ್ ಹಾಕಿಕೊಂಡರಂತೂ ಅದು 70ಕ್ಕಿಂತ ಕೆಳಗಿಳಿದು, ಬೆವರು, ನಡುಕ, ಪ್ರಜ್ಞೆ ತಪ್ಪುವವರೆಗೂ ಹೋಗಬಹುದು. ಮುಂದಿನ ಸಲ ಉಪವಾಸಕ್ಕೆ ಮೊದಲೇ ಡೋಸ್ ಎಷ್ಟಿರಬೇಕೆಂದು ವೈದ್ಯರನ್ನು ಕೇಳಿ. ಒಂದು ದಿನದ ಅಂಕಿಯಿಂದ ಏನೂ ತೀರ್ಮಾನವಾಗುವುದಿಲ್ಲ. ಸುಮಾರು ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. ಸೂಜಿ ಈಗಾಗಲೇ ನಿಂತಿದ್ದರೆ ವಿಪರೀತ ಬಾಯಾರಿಕೆ, ವಾಂತಿ, ಹಣ್ಣಿನಂಥ ಉಸಿರಿನ ವಾಸನೆ, ಆಳವಾದ ಏದುಸಿರು ಕಂಡ ತಕ್ಷಣ ಆಸ್ಪತ್ರೆಗೆ ಓಡಬೇಕು. ರಕ್ತ ಆಮ್ಲವಾಗುತ್ತಿರುವ ಲಕ್ಷಣಗಳವು. ಬೆಳಗಾಗಲಿ ಎಂದು ಕಾಯುವಂಥದ್ದಲ್ಲ. ಫಿಟ್ಸ್ ಮಾತ್ರೆ, ಸ್ಟೆರಾಯ್ಡ್, ಮಾನಸಿಕ ಕಾಯಿಲೆಯ ಮಾತ್ರೆಗಳನ್ನೂ ಹೀಗೆ ಥಟ್ಟನೆ ಬಿಡುವಂತಿಲ್ಲ.

ಅಮ್ಮನ ನಂಬಿಕೆಯ ಮೇಲೆ ವಾದಕ್ಕಿಳಿಯಬೇಡಿ, ಗೆಲ್ಲುವುದಿಲ್ಲ. ಬೈಬಲನ್ನೇ ತೆರೆಯಿರಿ. ಲೂಕ 17ರಲ್ಲಿ ಹತ್ತು ಮಂದಿ ಕುಷ್ಠರೋಗಿಗಳಿಗೆ ಯೇಸು ಹೇಳಿದ್ದು, ಹೋಗಿ ಯಾಜಕರಿಗೆ ಮೈ ತೋರಿಸಿ ಎಂದು. ಯಾಜಕಕಾಂಡ 14ರ ಪ್ರಕಾರ ಯಾಜಕ ಪಾಳೆಯದ ಹೊರಗೆ ಹೋಗಿ ಪರೀಕ್ಷಿಸಬೇಕು. ವಾಸಿಯಾಗಿದೆ ಎಂದು ಕಂಡ ಮೇಲೂ ಗುಣವಾದವನು ಏಳು ದಿನ ತನ್ನ ಗುಡಾರದ ಹೊರಗಿರಬೇಕು. ಗುಣವಾದದ್ದನ್ನು ಪರೀಕ್ಷೆಗೆ ಒಡ್ಡುವುದು ಅಪನಂಬಿಕೆಯಾಗಿದ್ದರೆ ಯೇಸು ಅವರನ್ನು ಕಳಿಸುತ್ತಲೇ ಇರಲಿಲ್ಲ. ಫ್ರಾನ್ಸಿನ ಲೂರ್ದ್ ಕ್ಷೇತ್ರದಲ್ಲಿ 1858ರಿಂದ ಗುಣವಾದೆವೆಂದು ಹೇಳಿಕೊಂಡವರು ಸಾವಿರಗಟ್ಟಲೆ. ಕಥೋಲಿಕ ಸಭೆ ಪವಾಡವೆಂದು ಒಪ್ಪಿದ್ದು ಎಪ್ಪತ್ತರ ಆಸುಪಾಸು ಮಾತ್ರ. ರೋಗ ಗಂಭೀರವಾಗಿರಬೇಕು, ಗುಣ ದಿಢೀರನೆ ಮತ್ತು ಪೂರ್ತಿಯಾಗಿ ಆಗಿರಬೇಕು, ಮರುಕಳಿಸಿರಬಾರದು, ಚಿಕಿತ್ಸೆಯಿಂದ ಆದದ್ದೆನ್ನಲು ಬರಬಾರದು: ಅಲ್ಲಿನ ಅಳತೆಗೋಲು ಇಷ್ಟು ಬಿಗಿ. ‘ಗುಣವಾದ ಮೈಗೆ ಎಷ್ಟು ಇನ್ಸುಲಿನ್ ಸಾಕೆಂದು ಡಾಕ್ಟರೇ ಹೇಳಲಿ, ಬನ್ನಿ ಅಮ್ಮ’ ಎಂದು ಕರೆದುಕೊಂಡು ಹೋಗಿ.

ಪ್ರಶ್ನೆ: ಪ್ರಾರ್ಥನೆಯಿಂದ ರೋಗಿಗಳಿಗೆ ಏನೂ ಆಗುವುದಿಲ್ಲ ಎಂದು ಅಮೆರಿಕದ ಸಂಶೋಧನೆಯೊಂದು ಸಾಬೀತು ಮಾಡಿದೆಯಂತೆ, ನಿಜವೇ?

ಉತ್ತರ: 2006ರಲ್ಲಿ ಪ್ರಕಟವಾದ ಅಧ್ಯಯನದ ಮಾತಿರಬೇಕು. ಆರು ಆಸ್ಪತ್ರೆಗಳು, ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಯ 1,802 ರೋಗಿಗಳು. ತಮಗಾಗಿ ಪ್ರಾರ್ಥನೆ ನಡೆಯುತ್ತಿದೆಯೋ ಇಲ್ಲವೋ ಗೊತ್ತಿಲ್ಲದವರಲ್ಲಿ, ಪ್ರಾರ್ಥನೆ ಪಡೆದವರಿಗೆ ಶೇ. 52, ಪಡೆಯದವರಿಗೆ ಶೇ. 51 ತೊಡಕುಗಳು. ನಡೆಯುತ್ತಿದೆ ಎಂದು ಖಚಿತವಾಗಿ ತಿಳಿದಿದ್ದವರಿಗೆ ಶೇ. 59! ಅಪರಿಚಿತರು ಹೆಸರಿನ ಚೀಟಿ ನೋಡಿ ನಿಗದಿತ ಮಾತಿನಲ್ಲಿ 14 ದಿನ ಮಾಡಿದ ಪ್ರಾರ್ಥನೆಯ ಅಳತೆ ಇದು. ಹಾಸಿಗೆಯ ಪಕ್ಕ ಕೈಹಿಡಿದು ಕೂತವರ ಪ್ರಾರ್ಥನೆಯನ್ನು ಇದು ಅಳೆದಿಲ್ಲ, ದೇವರನ್ನಂತೂ ಅಲ್ಲವೇ ಅಲ್ಲ. ಆದರೂ ಕೊನೆಯ ಅಂಕಿಯನ್ನು ತಳ್ಳಿಹಾಕಬೇಡಿ. ಅದು ಕಾಕತಾಳೀಯವೂ ಇರಬಹುದು, ‘ಇಷ್ಟು ಜನ ಪ್ರಾರ್ಥಿಸುವಷ್ಟು ಹದಗೆಟ್ಟಿದೆಯೇ ನನ್ನ ಸ್ಥಿತಿ’ ಎಂಬ ದಿಗಿಲೂ ಇರಬಹುದು. ಆಪರೇಷನ್ನಿನ ಹಿಂದಿನ ರಾತ್ರಿ ರೋಗಿಗೆ ಇಡೀ ಸಭೆಯ ಕಣ್ಣೀರಿನ ವರದಿ ಒಪ್ಪಿಸುವುದು ಬೇಡ.

ಪ್ರಶ್ನೆ: ನಮ್ಮ ಯಜಮಾನರು ಧ್ಯಾನಕೂಟಕ್ಕೆ ಹೋಗಿ ಬಂದಾಗಲೆಲ್ಲ ಕುಡಿತ ಬಿಡುತ್ತಾರೆ. ಎರಡು ಮೂರು ವಾರ ಬೇರೆಯೇ ಮನುಷ್ಯ, ಆಮೇಲೆ ಮತ್ತೆ ಶುರು. ಕಳೆದ ಸಲ ಬಿಟ್ಟ ಮೂರನೆಯ ದಿನ ಮೈ ನಡುಗಿ, ಗೋಡೆ ಮೇಲೆ ಹುಳ ಹರಿಯುತ್ತಿವೆ ಎಂದು ಕೂಗಾಡಿದರು. ದುರಾತ್ಮ ಬಿಟ್ಟುಹೋಗುವ ಗುರುತು ಎಂದರು ಕೆಲವರು.

ಉತ್ತರ: ಅದು ದುರಾತ್ಮವಲ್ಲ, ಮದ್ಯ ಥಟ್ಟನೆ ನಿಂತಾಗ ಮಿದುಳು ಕೆರಳುವ ಸ್ಥಿತಿ. ವರ್ಷಗಟ್ಟಲೆ ಮದ್ಯದ ಮಂಪರಿಗೆ ಹೊಂದಿಕೊಂಡ ನರಗಳು ಕಡಿವಾಣ ಕಳಚಿದಂತಾಗುತ್ತವೆ. ಕೊನೆಯ ಗುಟುಕಾದ 6ರಿಂದ 24 ಗಂಟೆಯೊಳಗೆ ನಡುಕ, ಬೆವರು. 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡು ಮೂರನೆಯ ದಿನಕ್ಕೆ ಸನ್ನಿ. ಚಿಕಿತ್ಸೆಯಿಲ್ಲದೆ ಪ್ರಾಣವೇ ಹೋಗಬಹುದು. ದಿನವೂ ಕುಡಿಯುವವರು ಬಿಡುವ ನಿರ್ಧಾರ ಮಾಡಿದ ದಿನವೇ ವೈದ್ಯರನ್ನು ಕಾಣಬೇಕು. ಮೊದಲ ವಾರ ಮಾತ್ರೆ, ಬಿ1 ಜೀವಸತ್ವ, ನಿಗಾ ಬೇಕು. ಆ ವಾರದಲ್ಲಿ ಉಪವಾಸ ಖಂಡಿತ ಬೇಡ.

ಇನ್ನು ಮೂರು ವಾರದ ಲೆಕ್ಕ. ಧ್ಯಾನಕೂಟದಲ್ಲಿ ಮನಸ್ಸು ತಿರುಗಿದ್ದು ಸುಳ್ಳಲ್ಲ. ತಿರುಗಿದ ಮನಸ್ಸು ಹಳೆಯ ದಾರಿ, ಹಳೆಯ ಗೆಳೆಯರು, ಹಳೆಯ ಸಂಬಳದ ದಿನ, ಹಳೆಯ ಸಾಲಕ್ಕೇ ಮರಳುತ್ತದೆ, ಕಷ್ಟ ಅಲ್ಲಿರುವುದು. ಯೇಸುವನ್ನು ಕಂಡು ಮನಸ್ಸು ತಿರುಗಿದ ಸುಂಕದವನು ಜಕ್ಕಾಯ ಸಂತೋಷಪಟ್ಟು ಸುಮ್ಮನಾಗಲಿಲ್ಲ: ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಎಂದು ಅಂಕಿ ಹೇಳಿದ (ಲೂಕ 19). ನಿಮ್ಮವರೂ ಯಾರಿಗೆ ಎಷ್ಟು ಕೊಡಬೇಕು, ಯಾರ ಕ್ಷಮೆ ಕೇಳಬೇಕು ಎಂದು ಬರೆದು, ಚಿಕ್ಕದರಿಂದ ಶುರುಮಾಡಲಿ. ಸಂಬಳ ಅವರ ಕೈಗೆ ಬರುವ ದಿನ ಜೊತೆಗೊಬ್ಬರಿರಲಿ. ಆಸೆ ಕೆರಳಿದಾಗ ಫೋನ್ ಮಾಡಲು ಸಭೆಯಲ್ಲಿ ಒಬ್ಬರನ್ನು ಗೊತ್ತುಮಾಡಿ, ಮನೆಯವರನ್ನಲ್ಲ. ಯಾಕೋಬ 5:16ರ ‘ಒಬ್ಬರಿಗೊಬ್ಬರು ಅರಿಕೆ ಮಾಡಿಕೊಳ್ಳಿ’ ಎಂಬ ಮಾತು ಬಳಕೆಗೆ ಬರುವುದು ಹೀಗೆ. ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟವಾಗಿ 1935ರಲ್ಲಿ ಶುರುವಾದ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಹನ್ನೆರಡು ಹೆಜ್ಜೆಗಳ ಬೇರು ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಚಳವಳಿಯಲ್ಲಿದೆ. ಐದನೆಯ ಹೆಜ್ಜೆ ಅರಿಕೆ, ಎಂಟು ಮತ್ತು ಒಂಬತ್ತು ನಷ್ಟ ತುಂಬಿಕೊಡುವುದು. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಸೇರಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2020ರ ಪರಿಶೀಲನೆ 27 ಅಧ್ಯಯನಗಳನ್ನು ನೋಡಿ, ಕುಡಿತದಿಂದ ದೂರ ಉಳಿಯುವುದರಲ್ಲಿ ಈ ದಾರಿ ಬೇರೆ ಚಿಕಿತ್ಸೆಗಳಿಗೆ ಸರಿಸಮ ಅಥವಾ ಮೇಲು ಎಂದಿತು.

ಬಿಟ್ಟ ತಿಂಗಳಲ್ಲೇ ಅವರನ್ನು ಸಾಕ್ಷಿ ಹೇಳಲು, ಅಂದರೆ ದೇವರು ತಮ್ಮನ್ನು ಬದಲಿಸಿದ ಕಥೆ ಹೇಳಲು, ವೇದಿಕೆಗೆ ಹತ್ತಿಸಬೇಡಿ. ಹೊಸಬರನ್ನು ಮುಂದಾಳುಗಳಾಗಿಸಬೇಡಿ ಎಂದು 1 ತಿಮೊಥೆ 3:6 ಸುಮ್ಮನೆ ಹೇಳಿಲ್ಲ. ಚಪ್ಪಾಳೆ ಗಿಟ್ಟಿಸಿದವನು ಜಾರಿಬಿದ್ದರೆ ಹೇಳಿಕೊಳ್ಳಲಾರ, ಬಚ್ಚಿಟ್ಟು ಕುಡಿಯುತ್ತಾನೆ. ಜಾರಿದರೆ 24 ಗಂಟೆಯೊಳಗೆ ಒಬ್ಬರಿಗೆ ಹೇಳುವುದೆಂಬ ಕರಾರು ಮೊದಲೇ ಆಗಿರಲಿ.

ನೀವು ಬರೆದಿಲ್ಲ, ಆದರೂ ಹೇಳಬೇಕು: ಕುಡಿದಾಗ ಕೈಮಾಡುವವರಾದರೆ ಕ್ಷಮಿಸುವುದು ಬೇರೆ, ಅದೇ ಸೂರಿನಡಿ ಇರುವುದು ಬೇರೆ. ಮೊದಲನೆಯದು ಎರಡನೆಯದನ್ನು ಬೇಡುವುದಿಲ್ಲ.

ಪ್ರಶ್ನೆ: ಎಷ್ಟು ಪ್ರಾರ್ಥಿಸಿದರೂ ನನ್ನ ಕಾಯಿಲೆ ವಾಸಿಯಾಗಿಲ್ಲ. ನಂಬಿಕೆ ಸಾಲದು, ಅಡಗಿಸಿಟ್ಟ ಪಾಪವಿರಬೇಕು ಅನ್ನುತ್ತಾರೆ.

ಉತ್ತರ: ಹಾಗನ್ನುವವರು ಯೇಸುವಿನ ಅಪೊಸ್ತಲ ಪೌಲನಿಗೂ ಅದನ್ನೇ ಹೇಳಬೇಕಾಗುತ್ತದೆ. ಶರೀರದಲ್ಲಿ ನಾಟಿದ ಶೂಲ ಎಂದು ತಾನೇ ಕರೆದ ಬಾಧೆಗಾಗಿ ಮೂರು ಸಲ ಬೇಡಿಕೊಂಡರೂ ಅದು ತೊಲಗಲಿಲ್ಲ (2 ಕೊರಿಂಥ 12); ಜೊತೆಗಾರ ತ್ರೊಫಿಮನನ್ನು ಅಸ್ವಸ್ಥನಾಗಿಯೇ ಮಿಲೇತದಲ್ಲಿ ಬಿಟ್ಟುಬಂದ. ಹುಟ್ಟುಕುರುಡನ ವಿಷಯದಲ್ಲಿ ಯಾರ ಪಾಪ ಎಂದು ಶಿಷ್ಯರು ಕೇಳಿದಾಗ ಯೇಸು ಆ ಲೆಕ್ಕವನ್ನೇ ತಳ್ಳಿಹಾಕಿದ (ಯೋಹಾನ 9). ಅಂಥ ಮಾತಾಡುವವರ ಭೇಟಿಯನ್ನು ಸದ್ಯಕ್ಕೆ ನಿರಾಕರಿಸಿ. ಅದರಲ್ಲಿ ತಪ್ಪಿಲ್ಲ.

ಪ್ರಶ್ನೆ: ಆಸ್ಪತ್ರೆಯಲ್ಲಿ ರೋಗಿಗಾಗಿ ಪ್ರಾರ್ಥಿಸಲು ಹೋಗುವವರು ಏನು ಗಮನಿಸಬೇಕು?

ಉತ್ತರ: ಮೊದಲು ನರ್ಸನ್ನು ಕೇಳಿ, ಆಮೇಲೆ ರೋಗಿಯನ್ನು. ‘ಏನಕ್ಕಾಗಿ ಪ್ರಾರ್ಥಿಸಲಿ?’ ಎಂದು ಕೇಳಿದರೆ ಉತ್ತರ ನೀವೆಣಿಸಿದ್ದೇ ಆಗಿರಬೇಕಿಲ್ಲ. ಕೆಲವರಿಗೆ ಕಾಯಿಲೆಗಿಂತ ಮಗನ ಜೊತೆಗಿನ ಮುನಿಸು ದೊಡ್ಡದು. ಇಬ್ಬರು ಸಾಕು, ಹತ್ತು ನಿಮಿಷ ಸಾಕು. ತಲೆಯ ಮೇಲೆ ಕೈಯಿಡುವ ಮುನ್ನ ಅಪ್ಪಣೆ ಪಡೆಯಿರಿ, ಕೈ ತೊಳೆಯಿರಿ. ಎಣ್ಣೆ ಹಚ್ಚುವುದಾದರೆ ಬೆರಳ ತುದಿಯಷ್ಟು, ಗಾಯ ಮತ್ತು ಡ್ರಿಪ್ ಸೂಜಿಯಿಂದ ದೂರ. ಕಥೋಲಿಕರಲ್ಲಿ ರೋಗಿಗೆ ಎಣ್ಣೆ ಹಚ್ಚುವ ಈ ಸಂಸ್ಕಾರವನ್ನು ನೀಡುವವರು ಗುರುಗಳು (ಪಾದ್ರಿಗಳು) ಮಾತ್ರ. 1972ರ ಸುಧಾರಣೆಯ ನಂತರ ಹಣೆ ಮತ್ತು ಕೈಗಳಿಗೆ ಹಚ್ಚುತ್ತಾರೆ, ಸಾಯುವ ಗಳಿಗೆಗೆ ಕಾಯಬೇಕಿಲ್ಲ, ರೋಗ ಉಲ್ಬಣಿಸಿದರೆ ಮತ್ತೆ ಪಡೆಯಬಹುದು. ಆಕ್ಸಿಜನ್ ಹಾಕಿರುವ ಕಡೆ ಮೇಣದಬತ್ತಿ ಹಚ್ಚಲೇಬಾರದು, ಮುಖಕ್ಕೆ ಎಣ್ಣೆಯೂ ಬೇಡ. ಬಾಯಿಗೆ ಏನೂ ಕೊಡಬಾರದೆಂದು ಹಾಸಿಗೆಗೆ ಚೀಟಿ ತಗುಲಿಸಿದ್ದರೆ ತೀರ್ಥವಾಗಲಿ ಪ್ರಸಾದದ ರೊಟ್ಟಿಯಾಗಲಿ ನರ್ಸ್ ಒಪ್ಪದೆ ಕೊಡಬೇಡಿ.